ಬಾರದ ಮಳೆಗೆ ಕಟ್ಟಿದ ತಾಡಪಾಲು ದಂಡವೇ?



2024ರ ಡಿಸೆಂಬರ್ ಮೊದಲ ವಾರ. ಚಳ್ಳಕೆರೆ ತಾಲ್ಲೂಕಿನ ಒಂದು ಮಹಿಳಾ ಹಾಲು ಉತ್ಪಾದಕರ ಸಂಘ. ಬೆಳಿಗ್ಗೆ ಆರೂವರೆಯ ಚಳಿಯಲ್ಲಿ ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದವರ ನಡುವೆ ಮಾತು ಜೋರಾಗಿತ್ತು.

"ಚಂಡಮಾರುತ ಬರ್ತೈತೆ, ಚಂಡಮಾರುತ ಬರ್ತೈತೆ ಅಂತ ಟಿ.ವಿ.ಯೋರು ಮೂರು ದಿನ ಬಾಯಿ ಬಡ್ಕಂಡ್ರು. ಬಂದಿದ್ದೇನು? ನಾಕು ಹನಿ ಸೋನೆ. ಕೊಯ್ದು ಹೊಲದಾಗೆ ಬಿಟ್ಟಿದ್ದ ರಾಗೀನ ಎರಡಾಳು ಹಚ್ಚಿ ಬಣವೆ ಒಟ್ಟಿಸಿದೆ. ಆ ಕೂಲಿ ಯಾರು ಕೊಡ್ತಾರೆ?" ಎಂದು ಒಬ್ಬರು ಕೇಳಿದರು.

"ನನಗೇನೂ ನಷ್ಟ ಆಗಲಿಲ್ಲ ಕಣಕ್ಕ. ಶೇಂಗಾ ಹೊಟ್ಟಿಗೆ ತಾಡಪಾಲು ಕಟ್ಟಿದ್ದೆ. ಪಕ್ಕದ ಮನೆಯೋರು ಕಟ್ಟಲಿಲ್ಲ. ಹೋಗಿ ನೋಡು, ಮ್ಯಾಲಿನ ಒಂದು ಮೊಳ ಕಪ್ಪಗಾಗೈತೆ" ಎಂದರು ಅವರ ಹಿಂದಿದ್ದವರು.

ಮಗಳನ್ನು ಮೈಸೂರು ಸೀಮೆಗೆ ಕೊಟ್ಟಿರುವ ತಾಯಿಯೊಬ್ಬರು, "ನಮ್ ಮಗಳ ಊರಾಗೆ ಇಸ್ಕೂಲಿಗೇ ರಜಾ ಕೊಟ್ಟಿದ್ರಂತೆ. ಮಕ್ಳನ್ನ ಮನೇಲಿ ಬಿಟ್ಟು ಕೂಲಿಗೆ ಹೋಗಂಗಿಲ್ಲ, ಕರ್ಕಂಡೂ ಹೋಗಂಗಿಲ್ಲ. ಸಂಬಳದೋರಿಗೆ ರಜಾ ಅಂದ್ರೆ ರಜಾ. ನಮ್ಮಂಥೋರಿಗೆ ರಜಾ ಅಂದ್ರೆ ಕೂಲಿ ಹೋದಂಗೆ" ಎಂದರು.

ಆ ಮಾತಿಗೆ ಯಾರ ಬಳಿಯೂ ತಟ್ಟನೆ ಉತ್ತರವಿರಲಿಲ್ಲ. ಹಾಲು ಅಳೆಯುತ್ತಿದ್ದ ಕಾರ್ಯದರ್ಶಿಯೂ ಸುಮ್ಮನಿದ್ದರು. ಹಿಂದಿನ ಸಂಜೆ "ಮಳೆ ಬರೋ ಮೊದಲೇ ಹಾಲು ತಂದುಬಿಡಿ" ಎಂದು ಊರಿಗೆಲ್ಲ ಹೇಳಿ ಕಳಿಸಿದ್ದವರು ಅವರೇ. ಒಂದು ಗಂಟೆ ಮುಂಚೆ ಕರೆದದ್ದಕ್ಕೆ ಕೆಲವರಿಗೆ ಅರ್ಧ ಲೀಟರ್ ಕಡಿಮೆ ಬಂದಿತ್ತು. ಆ ಸಿಟ್ಟೂ ಸಾಲಿನಲ್ಲಿತ್ತು.

ಆ ದಿನದ ಜಗಳವನ್ನು ಈ ಸಂಚಿಕೆಯಲ್ಲಿ ಕೂತು ಬಿಡಿಸಿ ನೋಡೋಣ. ಸರ್ಕಾರ, ಹವಾಮಾನ ಇಲಾಖೆ, ಸಂಘ ಕೊಟ್ಟ ಎಚ್ಚರಿಕೆ ಸರಿಯೇ, ಅತಿಯೇ? ಮುಂದಿನ ಸಲ ಇಂಥದೇ ಎಚ್ಚರಿಕೆ ಬಂದಾಗ ನಾವು ಕಿವಿಗೆ ಹಾಕಿಕೊಳ್ಳುತ್ತೇವೋ ಇಲ್ಲವೋ ಎಂಬುದು ಈ ಉತ್ತರದ ಮೇಲೆ ನಿಂತಿದೆ.

ಫೆಂಗಲ್ ಎಂಬ ಗಾಳಿ ಮಾಡಿದ್ದೇನು?

ಆ ವಾರ ಸುದ್ದಿಯಲ್ಲಿದ್ದದ್ದು ಬಂಗಾಳ ಕೊಲ್ಲಿಯಲ್ಲಿ ಎದ್ದ ಫೆಂಗಲ್ ಚಂಡಮಾರುತ. ಸಮುದ್ರದ ಮೇಲೆ ವಾಯುಭಾರ ಕುಸಿದು, ಸುತ್ತುವ ಗಾಳಿಯ ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದರೆ ನಮ್ಮ ಹವಾಮಾನ ಇಲಾಖೆ ಅದನ್ನು ಚಂಡಮಾರುತ ಎಂದು ಕರೆದು ಹೆಸರಿಡುತ್ತದೆ. ಇಂಥದೇ ಗಾಳಿ ಇನ್ನೂ ಬಲವಾದಾಗ ಅಮೆರಿಕದ ಕಡೆ ಅದಕ್ಕೆ ಹರಿಕೇನ್ ಎನ್ನುತ್ತಾರೆ.

ಫೆಂಗಲ್ ಇಲಾಖೆಯವರನ್ನೇ ಸತಾಯಿಸಿತು. ಮೊದಲು ಚಂಡಮಾರುತ ಆಗುತ್ತದೆ ಎಂದರು, ಆಗಲಿಲ್ಲ. ಬಲ ಕಡಿಮೆಯಾಗಿಯೇ ದಡ ಸೇರಬಹುದು ಎಂದರು, ಅಷ್ಟರಲ್ಲಿ ನವೆಂಬರ್ 29ರಂದು ಚಂಡಮಾರುತ ಆಗಿಯೇ ಬಿಟ್ಟಿತು. ನವೆಂಬರ್ 30ರ ರಾತ್ರಿ ಪುದುಚೇರಿ ಹತ್ತಿರ ದಡ ಮುಟ್ಟಿತು. ಆ ದಿನ ಮಧ್ಯಾಹ್ನದಿಂದಲೇ ಚೆನ್ನೈ ವಿಮಾನ ನಿಲ್ದಾಣವನ್ನು ಮುಚ್ಚಿದ್ದರು. ಗಾಳಿಯ ವೇಗ ಗಂಟೆಗೆ 70ರಿಂದ 80 ಕಿ.ಮೀ. ಆಸುಪಾಸು. ಚಂಡಮಾರುತಗಳ ಪೈಕಿ ಇದು ದೊಡ್ಡದೇನಲ್ಲ. ಗಾಳಿ ಒಂದನ್ನೇ ಲೆಕ್ಕ ಹಿಡಿದರೆ ಇಷ್ಟಕ್ಕೆ ವಿಮಾನ ನಿಲ್ದಾಣ ಮುಚ್ಚಬೇಕಿತ್ತೇ, ಶಾಲೆಗೆ ರಜೆ ಕೊಡಬೇಕಿತ್ತೇ ಎಂದು ಯಾರಿಗಾದರೂ ಅನ್ನಿಸುತ್ತದೆ.

ಆದರೆ ಈ ಗಾಳಿ ದಡ ಮುಟ್ಟಿದ ಮೇಲೆ ಮುಂದೆ ಹೋಗದೆ ಪುದುಚೇರಿ ಹತ್ತಿರ ಗಂಟೆಗಟ್ಟಲೆ ನಿಂತುಬಿಟ್ಟಿತು. ಅಲ್ಲಿ ಒಂದೇ ದಿನದಲ್ಲಿ 48 ಸೆಂ.ಮೀ. ಮಳೆ ಸುರಿಯಿತು. ಡಿಸೆಂಬರ್ 1ರಂದು ತಿರುವಣ್ಣಾಮಲೈನಲ್ಲಿ ಬೆಟ್ಟ ಕುಸಿದು ಮನೆಯೊಂದರ ಮೇಲೆ ಬಿದ್ದು ಏಳು ಮಂದಿ ತೀರಿಹೋದರು. ಆಮೇಲೆ ಗಾಳಿಯ ಬಲ ಕುಗ್ಗಿ, ಮೋಡ ಒಳನಾಡಿಗೆ ನುಗ್ಗಿತು. ಬೆಂಗಳೂರಿಗೆ ಹೊಂದಿಕೊಂಡ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೈ ಕಡಲಿನಿಂದ ನೂರು ಕಿ.ಮೀ.ಗೂ ಹೆಚ್ಚು ದೂರದಲ್ಲಿದೆ. ಡಿಸೆಂಬರ್ 2ರ ಬೆಳಿಗ್ಗೆವರೆಗಿನ 24 ಗಂಟೆಯಲ್ಲಿ ಅಲ್ಲಿ 50 ಸೆಂ.ಮೀ. ಮಳೆ ಬಿತ್ತು. ನಮ್ಮ ಚಳ್ಳಕೆರೆಗೆ ಒಂದು ವರ್ಷದಲ್ಲಿ ಬೀಳುವ ಮಳೆ ಹೆಚ್ಚುಕಡಿಮೆ ಅಷ್ಟೇ. ಅದನ್ನು ಒಂದು ಹಗಲು ಒಂದು ರಾತ್ರಿಯಲ್ಲಿ ಹೊಯ್ದಂತಾಯಿತು. ರಸ್ತೆಯಲ್ಲಿ ನಿಂತಿದ್ದ ವಾಹನಗಳು ನೀರಿನಲ್ಲಿ ತೇಲಿಹೋದವು.

ಅಂದರೆ ಒಂದೇ ಗಾಳಿ ಪುದುಚೇರಿಗೂ ಊತ್ತಂಗರೈಗೂ ಮುಳುಗುವಷ್ಟು ಕೊಟ್ಟಿತು, ನಮ್ಮ ಸಂಘದ ಊರಿಗೆ ಸೋನೆ ಮಾತ್ರ ಕೊಟ್ಟಿತು. ಊತ್ತಂಗರೈಯವರಿಗೆ ಆ ಎಚ್ಚರಿಕೆ ಸಾಲದೇ ಹೋಯಿತು. ನಮ್ಮ ಸಾಲಿನಲ್ಲಿ ನಿಂತವರಿಗೆ ಅದೇ ಅತಿಯಾಯಿತು.

ಮುನ್ಸೂಚನೆ ಕಣಿ ಹೇಳಿದಂತಲ್ಲ

ಹವಾಮಾನ ಇಲಾಖೆಯವರು "ನಿಮ್ಮ ಹೊಲಕ್ಕೆ ಇಂಥ ಗಂಟೆಗೆ ಮಳೆ" ಎಂದು ಹೇಳುವುದಿಲ್ಲ, ಹೇಳಲು ಆಗುವುದೂ ಇಲ್ಲ. ಚಂಡಮಾರುತ ಎಲ್ಲಿಗೆ ಬರುತ್ತದೆ ಎಂದು 24 ಗಂಟೆ ಮೊದಲು ಹೇಳುವಾಗ ಈಗಲೂ ಸರಾಸರಿ ಎಪ್ಪತ್ತು ಎಂಬತ್ತು ಕಿ.ಮೀ. ಆಚೆ ಈಚೆ ಆಗುತ್ತದೆ. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಇರುವ ದೂರ ಅದಕ್ಕಿಂತ ಕಡಿಮೆ. ಚಳ್ಳಕೆರೆಗೆ ಎಂದು ಹೇಳಿದ ಮಳೆ ಮೊಳಕಾಲ್ಮೂರನ್ನೂ ದಾಟಿ ಬಳ್ಳಾರಿ ಕಡೆ ಬಿದ್ದರೆ, ಇಲಾಖೆಯ ಲೆಕ್ಕದಲ್ಲಿ ಅದು ದೊಡ್ಡ ತಪ್ಪಲ್ಲ. ನಮ್ಮ ಲೆಕ್ಕದಲ್ಲಿ ಮಾತ್ರ ಅದು ಪೂರ್ತಿ ಸುಳ್ಳು.

ಅದಕ್ಕೇ ಅವರು ಬಣ್ಣದಲ್ಲಿ ಹೇಳುತ್ತಾರೆ. ಹಸಿರು ಎಂದರೆ ಚಿಂತೆಯಿಲ್ಲ. ಹಳದಿ ಎಂದರೆ ಸುದ್ದಿ ಕೇಳುತ್ತಿರಿ. ಕಿತ್ತಳೆ, ಅಂದರೆ ಟಿ.ವಿ.ಯಲ್ಲಿ ಹೇಳುವ ಆರೆಂಜ್ ಅಲರ್ಟ್, ಬಂದರೆ ಸಿದ್ಧರಾಗಿ. ಕೆಂಪು ಎಂದರೆ ಕೆಲಸಕ್ಕೆ ಇಳಿಯಿರಿ. "ಭಾರಿ ಮಳೆ" ಎಂಬುದಕ್ಕೂ ಅಳತೆ ಇದೆ. ದಿನಕ್ಕೆ ಆರೂವರೆ ಸೆಂ.ಮೀ. ಮುಟ್ಟಿದರೆ ಭಾರಿ, ಹನ್ನೊಂದೂವರೆ ದಾಟಿದರೆ ಅತಿ ಭಾರಿ, ಇಪ್ಪತ್ತು ಸೆಂ.ಮೀ. ದಾಟಿದರೆ ಅದಕ್ಕೂ ಮೇಲಿನ ದರ್ಜೆ. ಟಿ.ವಿ.ಯಲ್ಲಿ ಹಳದಿ, ಕಿತ್ತಳೆ, ಕೆಂಪು ಮೂರಕ್ಕೂ ಒಂದೇ ಗಂಟಲಿನಲ್ಲಿ ಕೂಗುತ್ತಾರೆ. ನಮಗೆ ಕೇಳಿಸುವುದು ಕೂಗು ಮಾತ್ರ, ಬಣ್ಣ ಕಾಣುವುದಿಲ್ಲ. ಆ ದಿನದ ಸಾಲಿನಲ್ಲಿದ್ದ ಅರ್ಧ ಸಿಟ್ಟು ಈ ಕೂಗಿನ ಮೇಲೆ ಇದ್ದದ್ದು.

ಎಚ್ಚರಿಕೆಗೂ ಖರ್ಚಿದೆ

"ಎಚ್ಚರಿಕೆ ವಹಿಸಿದರೆ ನಷ್ಟವೇನು?" ಎಂದು ಕಚೇರಿಯಲ್ಲಿ ಕೂತವರು ಸುಲಭವಾಗಿ ಕೇಳುತ್ತಾರೆ. ನಷ್ಟವಿದೆ. ಬಣವೆ ಒಟ್ಟಿಸಿದ ಅಕ್ಕನ ಕೈಯಿಂದ ಎರಡು ಆಳಿನ ಕೂಲಿ ಹೋಯಿತು. ಶಾಲೆಗೆ ರಜೆ ಎಂದರೆ ಮಕ್ಕಳಿಗೆ ಬಿಸಿಯೂಟವೂ ಇಲ್ಲ, ತಾಯಿಗೆ ಕೂಲಿಯೂ ಇಲ್ಲ. ಮಳೆ ಎಂದು ಹೆದರಿ ಮೇವನ್ನೋ ಕುರಿಯನ್ನೋ ಸಿಕ್ಕ ಬೆಲೆಗೆ ಮಾರಿದವರಿದ್ದಾರೆ.

ಇನ್ನೊಂದು ಮಾತನ್ನೂ ಬಿಚ್ಚಿ ಹೇಳಬೇಕು. ಎಚ್ಚರಿಕೆ ಕೊಡದೆ ಅನಾಹುತವಾದರೆ ಅಧಿಕಾರಿಯ ಮೇಲೆ ಗೂಬೆ ಕೂರುತ್ತದೆ. ಎಚ್ಚರಿಕೆ ಕೊಟ್ಟು ಏನೂ ಆಗದಿದ್ದರೆ ಅವರಿಗೆ ಹೋಗುವುದೇನಿಲ್ಲ. ಹಾಗಾಗಿ ಒಂದು ಕೂಗು ಹೆಚ್ಚಾಗಿಯೇ ಬರುವುದು ಸಹಜ. ಆ ಹೆಚ್ಚಿನ ಕೂಗಿನ ಖರ್ಚು ಬೀಳುವುದು ದಿನದ ದುಡಿಮೆಯವರ ಮೇಲೆ. ಮೈಸೂರು ಸೀಮೆಗೆ ಮಗಳನ್ನು ಕೊಟ್ಟ ತಾಯಿ ಹೇಳಿದ್ದು ಇದನ್ನೇ. ಅವರ ಮಾತು ತಪ್ಪಲ್ಲ.

ಅದಕ್ಕಿಂತ ದೊಡ್ಡ ಖರ್ಚು ನಂಬಿಕೆಯದು. "ತೋಳ ಬಂತು ತೋಳ" ಎಂದು ಕೂಗಿದ ಹುಡುಗನ ಕತೆ ಕುರಿ ಕಾಯುವ ನಮ್ಮ ಸೀಮೆಗೆ ಹೇಳಿಕೊಡಬೇಕಿಲ್ಲ. ಎರಡು ಸಲ ಸುಳ್ಳಾದರೆ ಮೂರನೆಯ ಸಲ ಯಾರೂ ಎದ್ದು ಬರುವುದಿಲ್ಲ. ತೋಳ ಬರುವುದು ಆವಾಗಲೇ.

ಹಾಗಾದರೆ ತೀರ್ಪು ಹೇಗೆ?

ನಮ್ಮ ಕೊಟ್ಟಿಗೆಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಹಸುವಿಗೆ ವಿಮೆ ಮಾಡಿಸುತ್ತೇವೆ. ವರ್ಷ ಕಳೆಯುತ್ತದೆ, ಹಸು ಆರೋಗ್ಯವಾಗಿಯೇ ಇರುತ್ತದೆ. "ಅಯ್ಯೋ, ಹಸು ಸಾಯಲಿಲ್ಲವಲ್ಲ, ಕಂತು ದಂಡವಾಯಿತು" ಎಂದು ಯಾವ ಹೆಣ್ಣುಮಗಳಾದರೂ ಅತ್ತದ್ದುಂಟೇ? ಕಾಲುಬಾಯಿ ಜ್ವರಕ್ಕೆ ಲಸಿಕೆ ಹಾಕಿಸುತ್ತೇವೆ. ಲಸಿಕೆ ಹಾಕಿದ ಒಂದೆರಡು ದಿನ ಹಾಲು ಸ್ವಲ್ಪ ಕಡಿಮೆಯಾಗುತ್ತದೆ. ಊರಿಗೆ ಜ್ವರ ಬರದಿದ್ದರೆ ಆ ಹಾಲು ದಂಡ ಎಂದು ಲೆಕ್ಕ ಹಾಕುವುದಿಲ್ಲ.

ಅಂದರೆ ನಾವು ತೀರ್ಪು ಕೊಡುವುದು ಆಮೇಲೆ ಏನಾಯಿತು ಎಂಬುದರ ಮೇಲಲ್ಲ. ಕಂತು ಕಟ್ಟಿದ ದಿನ ನಮಗೆ ಏನು ಗೊತ್ತಿತ್ತು, ಹಸು ಹೋದರೆ ಎಷ್ಟು ಹೋಗುತ್ತಿತ್ತು, ಅದನ್ನು ತಪ್ಪಿಸಲು ಎಷ್ಟು ಕೊಟ್ಟೆವು, ಈ ಮೂರರ ಮೇಲೆ. ಚಂಡಮಾರುತದ ಎಚ್ಚರಿಕೆಗೂ ಇದೇ ಲೆಕ್ಕ ಹಿಡಿಯಬೇಕು. "ಮಳೆ ಬಂತೋ ಇಲ್ಲವೋ" ಎಂದು ಕೇಳುವುದಕ್ಕಿಂತ "ಅವತ್ತು ಗೊತ್ತಿದ್ದಷ್ಟರಲ್ಲಿ ಆ ಕೆಲಸಕ್ಕೆ ಆ ಖರ್ಚು ತಕ್ಕುದಾಗಿತ್ತೇ" ಎಂದು ಕೇಳುವುದು ಸರಿಯಾದ ಪ್ರಶ್ನೆ.

ಈ ಲೆಕ್ಕದಲ್ಲಿ ತಾಡಪಾಲು ಕಟ್ಟಿದವರು ಗೆದ್ದರು. ಸೋನೆ ಬಿದ್ದದ್ದಕ್ಕೆ ಅಲ್ಲ, ಬೀಳದಿದ್ದರೂ ಗೆಲ್ಲುತ್ತಿದ್ದರು. ತಾಡಪಾಲು ಮನೆಯಲ್ಲೇ ಇತ್ತು, ಹೋದದ್ದು ಅರ್ಧ ಗಂಟೆಯ ದುಡಿಮೆ. ಉಳಿದದ್ದು ಬೇಸಿಗೆಯವರೆಗಿನ ಮೇವು. ಬಣವೆ ಒಟ್ಟಿಸಿದವರೂ ಸೋಲಲಿಲ್ಲ. ಎರಡು ಆಳಿನ ಕೂಲಿಗೆ ಎದುರಾಗಿ ಇಡೀ ವರ್ಷದ ಮುದ್ದೆಯ ರಾಗಿಯೂ ಹಸುವಿನ ಹುಲ್ಲೂ ಇತ್ತು. ಒಂದು ಗಂಟೆ ಮುಂಚೆ ಹಾಲು ಕರೆದವರ ಅರ್ಧ ಲೀಟರ್ ಎಲ್ಲಿಗೂ ಹೋಗಿರಲಿಲ್ಲ. ಎರಡು ಹೊತ್ತಿನ ಕರೆಯುವಿಕೆಯ ನಡುವಿನ ಸಮಯ ಕಡಿಮೆಯಾದರೆ ಆ ಹೊತ್ತಿಗೆ ಹಾಲು ಕಡಿಮೆ, ಮುಂದಿನ ಹೊತ್ತಿಗೆ ಸಮಯ ಹೆಚ್ಚಾಗಿ ಹಾಲೂ ಹೆಚ್ಚು. ಮಾರನೆಯ ಬೆಳಿಗ್ಗೆಯ ಚೀಟಿಯನ್ನು ಹಿಂದಿನ ದಿನದ ಚೀಟಿಯ ಜೊತೆ ಕೂಡಿಸಿ ನೋಡಿದವರಿಗೆ ಇದು ಗೊತ್ತಾಯಿತು.

ಶಾಲೆಯ ರಜೆಯ ವಿಷಯ ಮಾತ್ರ ಇಷ್ಟು ಸಲೀಸಲ್ಲ. ಹಳ್ಳ ದಾಟಿ ಹೋಗುವ ಮಕ್ಕಳಿರುವ ಊರಿಗೆ ರಜೆ ಸರಿ. ಶಾಲೆ ಮನೆಯ ಪಕ್ಕದಲ್ಲೇ ಇರುವ ಊರಿಗೆ ಅದೇ ರಜೆ ಹೊರೆ. ಜಿಲ್ಲೆಗೆಲ್ಲ ಒಂದೇ ಆದೇಶ ಹೊರಟರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ.

ಒಡಿಶಾ ಕಲಿತದ್ದು, ಓಖಿ ಕಲಿಸಿದ್ದು

ಎಚ್ಚರಿಕೆಯ ಬೆಲೆ ತಿಳಿಯಬೇಕಾದರೆ ಒಡಿಶಾ ಕಡೆ ನೋಡಬೇಕು. 1999ರ ಅಕ್ಟೋಬರ್ 29ರಂದು ಅಲ್ಲಿಗೆ ಬಂದ ಮಹಾ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ನಾಲ್ಕು ಲಕ್ಷಕ್ಕೂ ಹೆಚ್ಚು ಜಾನುವಾರು ಹೋದವು. ಕಟ್ಟಿದ ಹಗ್ಗದಲ್ಲೇ ಮುಳುಗಿದ ದನಗಳು ಎಷ್ಟೋ. ಆ ಪೆಟ್ಟು ತಿಂದ ರಾಜ್ಯ ಕರಾವಳಿಯುದ್ದಕ್ಕೂ ಆಶ್ರಯ ಕಟ್ಟಡ ಕಟ್ಟಿತು, ಊರೂರಿಗೆ ಎಚ್ಚರಿಕೆ ಮುಟ್ಟಿಸುವುದನ್ನು ಕಲಿಯಿತು. 2013ರ ಅಕ್ಟೋಬರ್ 12ರಂದು ಫೈಲಿನ್ ಎಂಬ ಇನ್ನೊಂದು ಭಾರಿ ಚಂಡಮಾರುತ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸ್ಥಳಾಂತರ ಮಾಡಿದರು. ಸತ್ತವರ ಸಂಖ್ಯೆ ಐವತ್ತನ್ನು ಮುಟ್ಟಲಿಲ್ಲ. ಮನೆ ಬಿಟ್ಟು ಹೋದ ಆ ಹತ್ತು ಲಕ್ಷದಲ್ಲಿ ಎಷ್ಟೋ ಜನರ ಮನೆಗೆ ಏನೂ ಆಗಿರಲಿಲ್ಲ. ಅವರೂ "ಸುಮ್ಮನೆ ಓಡಿಸಿದರು" ಎನ್ನಬಹುದಿತ್ತು.

ಇದಕ್ಕೆ ತಿರುವುಮುರುವಾದ ಪಾಠ 2017ರ ಓಖಿ ಚಂಡಮಾರುತದ್ದು. ಆ ನವೆಂಬರ್ ಕೊನೆಯಲ್ಲಿ ಕನ್ಯಾಕುಮಾರಿ, ಕೇರಳದ ಮೀನುಗಾರರು ಆಗಲೇ ಕಡಲಿಗೆ ಇಳಿದಿದ್ದರು. ಓಖಿ ಬಹಳ ಬೇಗ ಬಲಗೊಂಡಿತು. ಚಂಡಮಾರುತ ಎಂಬ ಎಚ್ಚರಿಕೆ ನವೆಂಬರ್ 30ರಂದು ಹೊರಡುವ ಹೊತ್ತಿಗೆ ದೋಣಿಗಳು ದೂರದಲ್ಲಿದ್ದವು. ನೂರಾರು ಕುಟುಂಬಗಳ ಗಂಡಸರು ಹಿಂತಿರುಗಲಿಲ್ಲ. ಒಂದು ದಿನ ಮೊದಲು ಕೂಗಿ, ಆಮೇಲೆ ಆ ಕೂಗು ಸುಳ್ಳಾಗಿ, ಮೀನುಗಾರರು ಒಂದು ದಿನದ ಸಂಪಾದನೆ ಕಳೆದುಕೊಂಡು ಬೈದಿದ್ದರೆ? ಆ ಬೈಗುಳವೇ ಎಷ್ಟೋ ಮೇಲಿತ್ತು.

ಬಯಲುಸೀಮೆಗೆ ಇದೆಲ್ಲ ಯಾಕೆ?

"ಕಡಲು ಎಲ್ಲೋ, ನಾವೆಲ್ಲೋ. ನಮ್ಮದು ಬರದ ಸೀಮೆ, ಮಳೆ ಬಂದರೆ ಪುಣ್ಯ" ಎಂದು ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಹೇಳಿದ್ದರು. ನಿಜ, ರಾಜ್ಯದಲ್ಲೇ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ನಮ್ಮವೂ ಸೇರಿವೆ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ನಮಗೆ ಎಷ್ಟೋ ಸಲ ಕೆರೆ ತುಂಬಿಸುವ ವರವೇ ಆಗಿದೆ.

ಆದರೆ ಬರದ ಸೀಮೆಗೆ ಬಂದ ದೊಡ್ಡ ಮಳೆ ಮೆಲ್ಲಗೆ ಇಂಗುವುದಿಲ್ಲ. ಗಟ್ಟಿ ನೆಲ, ಹೂಳು ತುಂಬಿದ ಹಳ್ಳ, ಒತ್ತುವರಿಯಾದ ರಾಜಕಾಲುವೆ. ಮಳೆ ನಿಂತ ಒಂದೆರಡು ಗಂಟೆಯಲ್ಲಿ ಒಣ ಹಳ್ಳ ಎದೆಮಟ್ಟ ಹರಿಯುತ್ತದೆ. 2021ರ ನವೆಂಬರ್‌ನಲ್ಲಿ ಕಟಾವಿನ ಹೊತ್ತಿಗೆ ಬಿದ್ದ ಅಕಾಲಿಕ ಮಳೆ ರಾಜ್ಯದ ಉದ್ದಕ್ಕೂ ಬೆಳೆಯನ್ನೂ ಮೇವನ್ನೂ ಕೊಳೆಸಿದ್ದು ನಮಗೆಲ್ಲ ನೆನಪಿದೆ. 2022ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1933ರ ನಂತರ, ಅಂದರೆ 89 ವರ್ಷದ ಮೇಲೆ, ಅದು ಕೋಡಿ ಬಿದ್ದದ್ದು ಅದೇ ಮೊದಲು. ವೇದಾವತಿ ದಂಡೆಯಲ್ಲಿ ಹುಟ್ಟಿ ಬೆಳೆದು ಮುದುಕಿಯಾದವರೂ ಕಂಡಿರದ ನೀರು ಅದು. "ನಮ್ಮ ಕಾಲದಲ್ಲಿ ಹೀಗೆ ಆಗಿರಲಿಲ್ಲ" ಎಂಬ ಮಾತು ಇನ್ನು ಕಾವಲಿಗೆ ಬರುವುದಿಲ್ಲ.

ಇನ್ನು ಸಿಡಿಲು. ನಮ್ಮಲ್ಲಿ ದನ, ಕುರಿ ಹೆಚ್ಚು ಸಾಯುವುದು ಹೆಸರಿಟ್ಟ ಚಂಡಮಾರುತದಿಂದಲ್ಲ, ಏಪ್ರಿಲ್ ಮೇ ತಿಂಗಳ ಗುಡುಗು ಮಳೆಯ ಸಿಡಿಲಿನಿಂದ. ಮರಕ್ಕೆ ಬಡಿದ ಸಿಡಿಲು ಬೇರಿನಿಂದ ನೆಲದಲ್ಲಿ ಹರಡುತ್ತದೆ. ಹಸುವಿನ ಮುಂಗಾಲಿಗೂ ಹಿಂಗಾಲಿಗೂ ನಡುವೆ ಅಂತರ ಹೆಚ್ಚು. ಹಾಗಾಗಿ ವಿದ್ಯುತ್ತು ಒಂದು ಕಾಲಿನಿಂದ ಹತ್ತಿ ಇನ್ನೊಂದು ಕಾಲಿನಿಂದ ಇಳಿಯುವಾಗ ಎದೆಯ ಮೂಲಕ ಹಾಯುತ್ತದೆ. ಅದಕ್ಕೇ ಒಂದೇ ಮರದ ಕೆಳಗೆ ನಿಂತ ನಾಲ್ಕು ದನವೂ ಒಟ್ಟಿಗೆ ಬೀಳುವುದು. ಹುಣಸೆ ಮರದಿಂದ ಹಸು ಬಿಚ್ಚಿ ಕೊಟ್ಟಿಗೆಗೆ ಕಟ್ಟುವ ಕೆಲಸ ಹತ್ತು ಸಲದಲ್ಲಿ ಒಂಬತ್ತು ಸಲ ದಂಡವಾಗುತ್ತದೆ. ಹತ್ತನೆಯ ಸಲ ಅದು ಒಂದು ಹಸುವಿನ ಬೆಲೆ.

ಎಚ್ಚರಿಕೆಯನ್ನು ತೂಗುವ ನಾಲ್ಕು ಪ್ರಶ್ನೆ

ಹಾಗೆಂದು ಬಂದ ಆದೇಶವನ್ನೆಲ್ಲ ತಲೆಬಾಗಿ ಒಪ್ಪಬೇಕಿಲ್ಲ. ಗ್ರಾಮಸಭೆಯಲ್ಲಿ, ಸಂಘದ ಸರ್ವಸದಸ್ಯರ ಸಭೆಯಲ್ಲಿ ಎದ್ದು ನಿಂತು ಈ ನಾಲ್ಕು ಪ್ರಶ್ನೆ ಕೇಳುವ ಹಕ್ಕು ನಮಗಿದೆ.

ಒಂದು, ಎಚ್ಚರಿಕೆಯಲ್ಲಿ ಊರು, ಹೊತ್ತು, ಬಣ್ಣ ಹೇಳಿದ್ದರೇ? "ದಕ್ಷಿಣ ಒಳನಾಡಿನಲ್ಲಿ ಮಳೆ" ಎಂದರೆ ನಮಗೆ ಏನೂ ಹೇಳಿದಂತಾಗಲಿಲ್ಲ.

ಎರಡು, ಏನು ಮಾಡಬೇಕು ಎಂದು ಹೇಳಿದ್ದರೇ? "ಜಾಗರೂಕರಾಗಿರಿ" ಎನ್ನುವುದಕ್ಕಿಂತ "ಸಂಜೆ ಐದರೊಳಗೆ ದನ ಒಳಗೆ ಕಟ್ಟಿ" ಎನ್ನುವುದು ಮೇಲು.

ಮೂರು, ಖರ್ಚು ಯಾರ ಮೇಲೆ ಬಿತ್ತು? ಹಾಲು ಬೇಗ ತರಲು ಹೇಳಿದ ಸಂಘ, ಹಾಲನ್ನು ಬೇಗ ಅಳೆದು ತಂಪು ಘಟಕಕ್ಕೆ ಸೇರಿಸುವ ವ್ಯವಸ್ಥೆಯನ್ನೂ ಮಾಡಿರಬೇಕು. ಮುಂಚೆ ತಂದ ಹಾಲು ಕ್ಯಾನಿನಲ್ಲೇ ಕಾದು ಹುಳಿಯಾದರೆ ಆ ಎಚ್ಚರಿಕೆಯೇ ನಷ್ಟ ತಂದಂತೆ.

ನಾಲ್ಕು, ಆಮೇಲೆ ಬಂದು ಲೆಕ್ಕ ಒಪ್ಪಿಸಿದರೇ? "ಇಂತಿಷ್ಟು ಮಳೆ ಎಂದಿದ್ದೆವು, ಇಷ್ಟು ಬಂತು, ಕಾರಣ ಇದು" ಎಂದು ಹೇಳಿದವರ ಮಾತನ್ನು ಮುಂದಿನ ಸಲವೂ ಕೇಳುತ್ತೇವೆ. ಸುಮ್ಮನಾದವರ ಮಾತನ್ನು ಕೇಳುವುದಿಲ್ಲ.

ನಮ್ಮ ಮನೆಯ ಲೆಕ್ಕ

ಎಚ್ಚರಿಕೆಯ ಬಣ್ಣಕ್ಕೆ ತಕ್ಕಂತೆ ಖರ್ಚು ಮಾಡಿದರೆ ಕೈ ಸುಡುವುದಿಲ್ಲ.

ಹಳದಿ ಇದ್ದಾಗ ದುಡ್ಡಿಲ್ಲದ ಕೆಲಸ ಮಾತ್ರ ಮಾಡಿ. ಹಿಂಡಿ, ಬೂಸಾ ಚೀಲವನ್ನು ನೆಲದಿಂದ ಎತ್ತಿ ಹಲಗೆಯ ಮೇಲಿಡಿ. ಮೊಬೈಲ್ ಚಾರ್ಜ್ ಮಾಡಿಕೊಳ್ಳಿ. ದನವನ್ನು ಮರದ ಕೆಳಗೆ, ತಂತಿ ಬೇಲಿಯ ಪಕ್ಕ ಕಟ್ಟಬೇಡಿ.

ಕಿತ್ತಳೆ ಇದ್ದಾಗ ಅರ್ಧ ದಿನದ ಕೆಲಸ ಮಾಡಿ. ಶೇಂಗಾ ಹೊಟ್ಟು, ರಾಗಿ ಹುಲ್ಲಿಗೆ ತಾಡಪಾಲು ಬಿಗಿಯಾಗಿ ಕಟ್ಟಿ. ನೆನೆದ ಹೊಟ್ಟಿನಲ್ಲಿ ಬೂಷ್ಟು ಬೆಳೆಯುತ್ತದೆ. ಬೂಷ್ಟಿನಲ್ಲಿರುವ ಅಫ್ಲಾಟಾಕ್ಸಿನ್ ಎಂಬ ವಿಷ ಹಸುವಿನ ಪಿತ್ತಜನಕಾಂಗಕ್ಕೆ ಕೆಡುಕು, ಅದರ ಅಂಶ ಹಾಲಿಗೂ ಇಳಿಯುತ್ತದೆ. ಕಪ್ಪಾದ ಹೊಟ್ಟನ್ನು "ದನ ತಾನೇ" ಎಂದು ಹಾಕಬೇಡಿ, ತಿಪ್ಪೆಗೆ ಹಾಕಿ. ಕೊಟ್ಟಿಗೆಯ ಸುತ್ತ ಕಾಲುವೆ ತೆಗೆಯಿರಿ. ಕೆಸರಿನಲ್ಲಿ ಮಲಗಿದ ಹಸುವಿಗೆ ಕೆಚ್ಚಲು ಬಾವು ಬೇಗ ಹತ್ತುತ್ತದೆ. ಎರಡು ದಿನದ ಒಣ ಮೇವು, ಕುಡಿಯುವ ನೀರು ಒಳಗೆ ಇಟ್ಟುಕೊಳ್ಳಿ. ತಂಪು ಘಟಕ ಇರುವ ಸಂಘದವರು ಜನರೇಟರ್ ಚಾಲೂ ಮಾಡಿ ನೋಡಿ, ಡೀಸೆಲ್ ತುಂಬಿಸಿ. ಕರೆಂಟ್ ಹೋದರೆ ಊರಿನ ಹಾಲೆಲ್ಲ ಅದರ ಮೇಲೆ ನಿಂತಿರುತ್ತದೆ.

ಕೆಂಪು ಬಂದರೆ ದುಡ್ಡಿನ ಮುಖ ನೋಡಬೇಡಿ. ಹಳ್ಳದ ದಂಡೆಯ ಕೊಟ್ಟಿಗೆಯಿಂದ ದನವನ್ನು ಎತ್ತರದ ಜಾಗಕ್ಕೆ ಹೊಡೆಯಿರಿ. ಹೊಡೆಯಲು ಹೊತ್ತಿಲ್ಲದಿದ್ದರೆ ಹಗ್ಗವನ್ನಾದರೂ ಬಿಚ್ಚಿಬಿಡಿ. ಬಿಚ್ಚಿದ ದನ ದಾರಿ ಹುಡುಕಿಕೊಳ್ಳುತ್ತದೆ, ಕಟ್ಟಿದ ದನಕ್ಕೆ ದಾರಿಯಿಲ್ಲ. ಹರಿಯುವ ಹಳ್ಳ ದಾಟಿ ಡೈರಿಗೆ ಹಾಲು ತರಬೇಡಿ. ಒಂದು ಹೊತ್ತಿನ ಹಾಲು ಹೋದರೆ ಹೋಗಲಿ.

ಗುಡುಗಿನ ಲೆಕ್ಕ ಬೇರೆ. ಮಿಂಚು ಕಂಡ ಮೇಲೆ ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿಸಿದರೆ ಸಿಡಿಲು ಹತ್ತಿರವಿದೆ, ಒಳಗೆ ಸೇರಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ದನ ಬಿಡಬೇಡಿ.

ಟಿ.ವಿ.ಯ ಕೂಗನ್ನೇ ನಂಬಿ ಕೂರಬೇಕಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ 92433 45433ಕ್ಕೆ ಕರೆ ಮಾಡಿ ನಿಮ್ಮ ಹೋಬಳಿ, ಗ್ರಾಮ ಪಂಚಾಯ್ತಿ ಹೇಳಿದರೆ ಕನ್ನಡದಲ್ಲೇ ಮಳೆಯ ಮುನ್ಸೂಚನೆ ತಿಳಿಸುತ್ತಾರೆ. ಸಿಡಿಲಿಗೆ ದಾಮಿನಿ ಎಂಬ ಮೊಬೈಲ್ ಆ್ಯಪ್ ಇದೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಹಾಕಿಸಿಕೊಳ್ಳಿ.

ಎಚ್ಚರವಿದ್ದರೂ ನಷ್ಟವಾದರೆ

ಪ್ರಕೃತಿ ವಿಕೋಪದಲ್ಲಿ ಹಸು ಅಥವಾ ಎಮ್ಮೆ ಸತ್ತರೆ, 2022ರಲ್ಲಿ ಪರಿಷ್ಕರಿಸಿದ ಮಾನದಂಡದ ಪ್ರಕಾರ ಹಾಲು ಕೊಡುವ ರಾಸು ಒಂದಕ್ಕೆ 37,500 ರೂಪಾಯಿ, ಎತ್ತಿಗೆ 32,000, ಕರುವಿಗೆ 20,000, ಕುರಿ ಮೇಕೆಗೆ 4,000 ರೂಪಾಯಿ ಪರಿಹಾರವಿದೆ. ಹಾಲಿನ ದೊಡ್ಡ ರಾಸಾದರೆ ಒಂದು ಮನೆಗೆ ಮೂರರವರೆಗೆ ಮಿತಿ. ಇದು ಹಸುವಿನ ಬೆಲೆಗೆ ಸಾಟಿಯಲ್ಲ. ವಿಮೆ ಬೇಕು ಎನ್ನುವುದು ಅದಕ್ಕೇ. ಪರಿಹಾರ ಕೈಗೆ ಬರಬೇಕಾದರೆ ಸತ್ತ ರಾಸನ್ನು ಅವಸರದಲ್ಲಿ ಹೂಳಬೇಡಿ. ಅದೇ ದಿನ ಪಶುವೈದ್ಯರಿಗೂ ಗ್ರಾಮ ಆಡಳಿತ ಅಧಿಕಾರಿಗೂ ತಿಳಿಸಿ. ಕಿವಿಯೋಲೆ ಕಾಣುವಂತೆ ಫೋಟೋ ತೆಗೆಸಿ. ಮರಣೋತ್ತರ ಪರೀಕ್ಷೆಯ ವರದಿ ಕೇಳಿ ಪಡೆಯಿರಿ. ಪಶು ಚಿಕಿತ್ಸೆಯ ತುರ್ತಿಗೆ 1962, ಜಿಲ್ಲಾ ತುರ್ತು ಸಹಾಯಕ್ಕೆ 1077 ಸಂಖ್ಯೆಗೆ ಕರೆ ಮಾಡಿ.

ಸಂಘಕ್ಕೆ ಒಂದು ಮಳೆ ಪುಸ್ತಕ

ಆ ಬೆಳಗಿನ ಜಗಳ ಮುಗಿದದ್ದು ಒಂದು ನೋಟ್‌ಬುಕ್ಕಿನಲ್ಲಿ. ತಾಡಪಾಲು ಕಟ್ಟಿದವರೇ ಹೇಳಿದರು: "ಇನ್ಮೇಲೆ ಯಾವ ದಿನ ಎಂಥ ಎಚ್ಚರಿಕೆ ಬಂತು, ಯಾವ ಬಣ್ಣ, ನಾವು ಏನು ಮಾಡಿದ್ವಿ, ಎಷ್ಟು ಖರ್ಚಾತು, ಕೊನೆಗೆ ಏನು ಬಂತು ಅಂತ ಬರೆದಿಡಾನ. ವರ್ಷ ಆದಮ್ಯಾಲೆ ಕೂಡ್ಸಿ ಕಳೆದು ನೋಡಾನ. ಆವಾಗ ಯಾರ ಮಾತು ಸರಿ ಅಂತ ಪುಸ್ತಕಾನೇ ಹೇಳ್ತೈತೆ."

ಕೂಲಿ ಕಳೆದುಕೊಂಡ ಅಕ್ಕ ಮೊದಲು ಒಪ್ಪಲಿಲ್ಲ. "ನನ್ನ ಎರಡಾಳಿನ ಕೂಲಿ ಮೊದಲು ಬರಿ, ಆಮೇಲೆ ಮಿಕ್ಕಿದ್ದು" ಎಂದರು. ಅದನ್ನೇ ಮೊದಲ ಸಾಲಾಗಿ ಬರೆದರು. ಎರಡನೆಯ ಸಾಲಿನಲ್ಲಿ ಪಕ್ಕದ ಮನೆಯವರ ಕಪ್ಪಾದ ಹೊಟ್ಟು ಬಂತು.

ನಿಮ್ಮ ಸಂಘದಲ್ಲೂ ಇಂಥದೊಂದು ಪುಸ್ತಕ ಇಡಿ. ಹಾಲು ಅಳೆಯುವ ಮೇಜಿನ ಪಕ್ಕವೇ ದಾರ ಕಟ್ಟಿ ತೂಗುಹಾಕಿ, ಬರೆಯಲು ಬಾರದವರ ಮಾತನ್ನು ಕಾರ್ಯದರ್ಶಿ ಬರೆದುಕೊಳ್ಳಲಿ. ಮುಂದಿನ ಸರ್ವಸದಸ್ಯರ ಸಭೆಗೆ ಅದನ್ನು ತನ್ನಿ. ಅಧಿಕಾರಿಗಳು ಬಂದಿದ್ದರೆ ಅವರ ಮುಂದೆಯೇ ಓದಿಸಿ. ಈ ಸಲ ತಾಡಪಾಲು ಬಿಚ್ಚಿದವರು ಅದನ್ನು ಬಿಸಿಲಿಗೆ ಒಣಗಿಸಿ, ಇಲಿ ಮುಟ್ಟದಂತೆ ಮಡಚಿ ಅಟ್ಟದ ಮೇಲಿಡಿ. ಗುಡುಗಿನ ತಿಂಗಳು ಬಹಳ ದೂರವಿಲ್ಲ.